ಜಿಪ್ಸಿಯ ಆಕ್ಸಲ್ ಬಿಚ್ಚಿದ ಆರು ತಿಂಗಳು

ನನ್ನ ಜಿಪ್ಸಿಯ ಹಿಂದಿನ ಆಕ್ಸಲ್‌ನ, ಅಂದರೆ ಎರಡು ಹಿಂಚಕ್ರಗಳನ್ನು ಜೋಡಿಸುವ ಅಡ್ಡ ದಂಡದ, ಡ್ರೇನ್ ಬೋಲ್ಟ್ ಬಿಚ್ಚಿದಾಗ ತಟ್ಟೆಗೆ ಎಣ್ಣೆ ಬೀಳಬೇಕಿತ್ತು. ಬಿದ್ದದ್ದು ಮಜ್ಜಿಗೆ. ಸುಮ್ನೆ ಹೇಳುತ್ತಿಲ್ಲ, ಬಣ್ಣ, ಮಂದ ಎಲ್ಲ ಹಾಗೇ ಇತ್ತು. ನೀರು ಹೊಕ್ಕು ಗೇರ್ ಎಣ್ಣೆಯ ಜೊತೆ ಕಲಸಿಹೋಗಿತ್ತು.

ತಪ್ಪು ನನ್ನದೇ. ಅದಕ್ಕೆ ಒಂಬತ್ತು ದಿನ ಮುಂಚೆ, ಕಳೆದ ಜುಲೈನಲ್ಲಿ, ತಾಮ್ಹಿಣಿ ಘಾಟಿನ ಹತ್ತಿರ ಒಂದು ಹಳ್ಳ ದಾಟಿದ್ದೆವು. ಪುಣೆಯಿಂದ ಎರಡು ಗಂಟೆ ನಿಲ್ಲಿಸದೆ ಓಡಿಸಿಕೊಂಡು ಹೋಗಿ, ಆಕ್ಸಲ್ ಚೆನ್ನಾಗಿ ಕಾದಿದ್ದಾಗಲೇ ನೀರಿಗೆ ಇಳಿಸಿದೆ. ಚಕ್ರದ ನಡುವಿನ ಹಬ್ ಮುಳುಗುವಷ್ಟು ನೀರು. ಅದರ ನಡುವೆ ನಿಲ್ಲಿಸಿ ಫೋಟೋ ಬೇರೆ ತೆಗೆಸಿಕೊಂಡೆ. ಆಕ್ಸಲ್‌ನ ಬಿಸಿ ಹೌಸಿಂಗ್ (ಹೊರಕವಚ) ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದಾಗ ಹೊರಗಿನಿಂದ ಏನನ್ನಾದರೂ ಎಳೆದುಕೊಳ್ಳಬೇಕಲ್ಲ. ಗಾಳಿಯಾಡಲು ಇರುವ ಬ್ರೀದರ್ ಮಣ್ಣು ತುಂಬಿ ಕಟ್ಟಿಕೊಂಡಿತ್ತು. ಹಾಗಾಗಿ ಹಳೆಯ ಸೀಲ್‌ಗಳ ಸಂದಿಯಿಂದ ನೀರು ಒಳಗೆ ಹೋಯಿತು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ಗೊತ್ತಿದ್ದದ್ದು ಫೋಟೋ ಚೆನ್ನಾಗಿ ಬಂದಿದೆ ಅಂತ ಮಾತ್ರ.

ನಾನು ಹುಬ್ಬಳ್ಳಿಯವನು, ಹದಿನಾಲ್ಕು ವರ್ಷದಿಂದ ಪುಣೆಯಲ್ಲಿದ್ದೇನೆ. ಗಾಡಿ ಮಾರುತಿ ಜಿಪ್ಸಿ, 2010ರ ಡಿಸೆಂಬರ್‌ನಲ್ಲಿ ನೋಂದಣಿಯಾದದ್ದು. ನಾನು ಎರಡನೇ ಮಾಲೀಕ. 1.3 ಲೀಟರ್ ಪೆಟ್ರೋಲ್ ಎಂಜಿನ್, 80 ಕುದುರೆ ಶಕ್ತಿ, 103 ನ್ಯೂಟನ್ ಮೀಟರ್ ಟಾರ್ಕ್. ಖಾಲಿ ಗಾಡಿಯ ತೂಕ ಒಂದು ಟನ್ನಿನ ಆಸುಪಾಸು. ಹಿಂದೆ ಮುಂದೆ ಎರಡೂ ಕಡೆ ಇಡೀ ಆಕ್ಸಲ್, ಅಡಿಯಲ್ಲಿ ಕಮಾನು ಪಟ್ಟಿ. ನಾನು, ಹೆಂಡತಿ, ಮಗಳು ವರ್ಷಕ್ಕೆ ಮೂರ್ನಾಲ್ಕು ಸಲ ಕೊಂಕಣ, ದಾಂಡೇಲಿ ಅಂತ ಸಾಮಾನು ಕಟ್ಟಿಕೊಂಡು ಹೋಗುತ್ತೇವೆ. ಒಂದಿನ ಸ್ಪಿತಿಗೆ ಹೋಗಬೇಕು ಅನ್ನೋ ಆಸೆ ಇದೆ.

ಹೇಗೂ ಆಕ್ಸಲ್ ಬಿಚ್ಚುತ್ತಿದ್ದೇವೆ, ಹಾಗಾದರೆ ಅದನ್ನು ಗಟ್ಟಿ ಮಾಡಿಸಿಬಿಡೋಣ ಅನ್ನಿಸಿತು. ಆ ಯೋಚನೆಯಿಂದ ಶುರುವಾದದ್ದು ಆರು ತಿಂಗಳು ಎಳೆಯಿತು. ಗಾಡಿ 47 ದಿನ ಜ್ಯಾಕ್ ಮೇಲೆ ನಿಂತಿತು.

ಮೊದಲು ಹೋದದ್ದು ಮನೆ ಹತ್ತಿರದ ಒಂದು ಗ್ಯಾರೇಜಿಗೆ. ಎಣ್ಣೆ ಬದಲಿಸಿದರು. 60ರ ಮೇಲೆ ಹೋದರೆ ಗುಂಯ್ ಅಂತ ಒಂದು ಸದ್ದು, ಸ್ಟೀರಿಂಗ್ ಸ್ವಲ್ಪ ನಡುಗುತ್ತದೆ ಅಂದೆ. ಮುಂದಿನ ಎರಡೂ ಚಕ್ರದ ಬೇರಿಂಗ್ ಹೋಗಿವೆ ಅಂದರು. ಹಾಕಿಸಿದೆ. 11,500 ರೂಪಾಯಿ. ಸದ್ದೂ ಹಾಗೇ ಇತ್ತು, ನಡುಕವೂ ಹಾಗೇ ಇತ್ತು. ಮತ್ತೆ ಹೋಗಿ ಕೇಳಿದರೆ, ಹಳೇ ಗಾಡಿ ಸರ್, ಇಷ್ಟು ಇರುತ್ತೆ ಅಂದರು.

ಅದೇ ಸಮಯದಲ್ಲಿ ರಾತ್ರಿ ಕೂತು ಕನಸು ಕಾಣುತ್ತಿದ್ದೆ. ಬೇರೆ ದೊಡ್ಡ ಗಾಡಿಯ ಆಕ್ಸಲ್ ಕೂರಿಸುವುದು, 31 ಇಂಚಿನ ಟೈರ್, ಹಿಂದೆ ಮುಂದೆ ಲಾಕರ್ (ಒಂದು ಆಕ್ಸಲ್‌ನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಬಿಗಿಯುವ ಸಾಧನ). ಒಂದು ಹಾಳೆ ತುಂಬ ಬರೆದಿದ್ದೆ. ಹೆಂಡತಿ ಅದನ್ನು ಓದಿ ಕೇಳಿದಳು, "ಅಲ್ರೀ, ಇದೆಲ್ಲಾ ಹಾಕಿದ ಮೇಲೆ ದಾಂಡೇಲಿ ಕಾಡಿನ್ಯಾಗ ಏನಾರ ಮುರದ್ರ, ಆ ಸಾಮಾನು ಅಲ್ಲಿ ಸಿಗ್ತದೇನು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಕನ್ನಡ ಸಂಘದ ಒಂದು ಕಾರ್ಯಕ್ರಮದಲ್ಲಿ ಪರಿಚಯದವರೊಬ್ಬರ ಮುಂದೆ ಈ ಗೋಳು ಹೇಳಿಕೊಂಡೆ. ಅವರು ಭೋಸರಿಯ ಒಬ್ಬ ಮೇಸ್ತ್ರಿಯ ನಂಬರ್ ಕೊಟ್ಟರು. ವಿಜಯಪುರ ಕಡೆಯವರು, ಮೂವತ್ತು ವರ್ಷದಿಂದ ಇಲ್ಲಿದ್ದಾರೆ. ಎಲ್ಲರೂ ಕಾಕಾ ಅಂತಲೇ ಕರೆಯುತ್ತಾರೆ. ಮೊದಲ ದಿನ ಹಾಳೆ ತೋರಿಸಿದೆ. ಮಡಚಿ ವಾಪಸ್ ಕೊಟ್ಟರು.

"ತಮ್ಮಾ, ಮೊದಲ ಏನ್ ಕೆಟ್ಟೈತಿ ನೋಡೂಣು. ಹಾಕೂದು ಆಮ್ಯಾಲೆ."

ಮುಂದಿನ ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಟಕ್ ಟಕ್ ಅಂತ ಆಡಿತು. ನನಗೆ ಬ್ರೇಕ್ ಒತ್ತಿ ಹಿಡಿ ಅಂದರು. ಒತ್ತಿದೆ. ಮತ್ತೆ ಅಲ್ಲಾಡಿಸಿದರು, ಇನ್ನೂ ಆಡುತ್ತಿತ್ತು. "ಬೇರಿಂಗ್ ಅಲ್ಲ ಇದು, ಕಿಂಗ್‌ಪಿನ್" ಅಂದರು. ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಹೊರಳುವ ಕೀಲೇ ಕಿಂಗ್‌ಪಿನ್. ಇದು ಎಲ್ಲರೂ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ. ಬ್ರೇಕ್ ಒತ್ತಿದಾಗ ಡಿಸ್ಕ್, ಹಬ್, ನಕಲ್ (ಹಬ್ ಹೊತ್ತು ಕಿಂಗ್‌ಪಿನ್ ಮೇಲೆ ಹೊರಳುವ ಭಾಗ) ಎಲ್ಲ ಒಂದಾಗಿ ಬಿಗಿಯುತ್ತವೆ. ಆಗ ಆಟ ನಿಂತರೆ ತಪ್ಪು ಚಕ್ರದ ಬೇರಿಂಗ್‌ನದು. ನಿಲ್ಲದಿದ್ದರೆ ಕಿಂಗ್‌ಪಿನ್ ಬೇರಿಂಗ್‌ನದು. ಇದು ಗೊತ್ತಿದ್ದರೆ ನನ್ನ 11,500 ಉಳಿಯುತ್ತಿತ್ತು.

ಆಮೇಲೆ ನನ್ನನ್ನು ತೂಕದ ಕಾಟಾಕ್ಕೆ ಕಳಿಸಿದರು. ಪ್ರವಾಸಕ್ಕೆ ಹೋಗುವಾಗ ಏನೇನು ತುಂಬುತ್ತೀಯೋ ಅದೆಲ್ಲ ತುಂಬಿಕೊಂಡು ಹೋಗು ಅಂದರು. ಟೆಂಟು, ಒಲೆ, ನಲವತ್ತು ಲೀಟರ್ ನೀರು, ಎರಡನೇ ಸ್ಟೆಪ್ನಿ, ಟೂಲ್ ಪೆಟ್ಟಿಗೆ, ಮೂವರು ನಾವು. ಮೊದಲು ಇಡೀ ಗಾಡಿ, ಆಮೇಲೆ ಹಿಂದಿನ ಚಕ್ರಗಳನ್ನು ಮಾತ್ರ ಕಾಟಾದ ಮೇಲೆ ನಿಲ್ಲಿಸಿ ತೂಗಿಸಿದೆ. ಒಟ್ಟು 1,410 ಕೆಜಿ, ಅದರಲ್ಲಿ ಹಿಂದಿನ ಆಕ್ಸಲ್ ಮೇಲೆ 830. ಚೀಟಿ ನೋಡಿ ಕಾಕಾ, "ನಿನ್ನ ಎಕ್ಸಲ್ ಕಲ್ಲಿಗೆ ಹೊಡೆದು ಸಾಯಂಗಿಲ್ಲ, ಹೊತ್ತು ಹೊತ್ತು ಸಾಯ್ತೈತಿ" ಅಂದರು. ಜಿಪ್ಸಿಯ ಹಿಂದಿನ ಆಕ್ಸಲ್‌ನಲ್ಲಿ ಚಕ್ರ ತಿರುಗಿಸುವ ರಾಡೇ ಗಾಡಿಯ ಭಾರವನ್ನೂ ಹೊರುತ್ತದೆ. ತುದಿಯಲ್ಲಿ ಒಂದೇ ಬೇರಿಂಗ್. ಮುಂದಿನ ಆಕ್ಸಲ್‌ನಲ್ಲಿ ಹಾಗಲ್ಲ, ಅಲ್ಲಿ ಭಾರ ಸ್ಪಿಂಡಲ್ ಅನ್ನೋ ತಿರುಗದ ಕೊಳವೆಯ ಮೇಲೆ, ರಾಡ್ ತಿರುಗಿಸುವುದಷ್ಟೇ. ಹಾಗಾಗಿ ಹಿಂದೆ ಭಾರ ಹೆಚ್ಚಿಸಿದಷ್ಟೂ, ಚಕ್ರವನ್ನು ಸ್ಪೇಸರ್ ಹಾಕಿ ಹೊರಗೆ ತಳ್ಳಿದಷ್ಟೂ ಆ ಒಂಟಿ ಬೇರಿಂಗ್‌ಗೆ ಕಷ್ಟ. ನನ್ನ ಹಾಳೆಯಲ್ಲಿ ಸ್ಪೇಸರ್ ಕೂಡ ಇತ್ತು. ಅಲ್ಲೇ ಹೊಡೆದು ಹಾಕಿದೆ. ಎರಡನೇ ಸ್ಟೆಪ್ನಿಯನ್ನು ಅವತ್ತೇ ಮನೆಯಲ್ಲಿ ಇಳಿಸಿದೆ.

ಬೇರೆ ಗಾಡಿಯ ಆಕ್ಸಲ್ ಯೋಚನೆಯನ್ನು ಬಿಡಿಸಿದ್ದು ಕಾಕಾ ಅಲ್ಲ, ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿ (ನೋಂದಣಿ ಪತ್ರ) ಇರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ನನಗೆ ಇದು ದೂರದ ಮಾತಾಗಿರಲಿಲ್ಲ. ಡಿಸೆಂಬರ್‌ಗೆ ಗಾಡಿಗೆ ಹದಿನೈದು ವರ್ಷ ತುಂಬುತ್ತಿತ್ತು. ಆರ್‌ಸಿ ನವೀಕರಣಕ್ಕೆ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಲೇಬೇಕು. ನಿಮ್ಮ ಗಾಡಿಗೂ ಹದಿನೈದು ಹತ್ತಿರವಾಗಿದ್ದರೆ ಕೆಲಸ ಹಿಡಿಯುವ ಮುಂಚೆ ಆ ತಾರೀಖು ನೋಡಿಕೊಳ್ಳಿ.

ಹಾಗಾದರೆ ಮಾಡುವುದೇನು? ಕಾಕಾ ಮತ್ತು ನಾನು ಎರಡು ಭಾನುವಾರ ಕೂತು ತೀರ್ಮಾನಿಸಿದೆವು. ಹೌಸಿಂಗ್ ಮುಟ್ಟುವುದಿಲ್ಲ. ಒಳಗಿನದೆಲ್ಲ ಹೊಸದು. ಟೈರ್ ಒಂದು ಹೆಜ್ಜೆ ಮಾತ್ರ ದೊಡ್ಡದು, ಅದಕ್ಕೆ ಹೊಂದುವ ಕ್ರೌನ್ ಪಿನಿಯನ್, ಅಂದರೆ ಎಂಜಿನ್‌ನ ಎಳೆತವನ್ನು ಆಕ್ಸಲ್ ಒಳಗೆ ಚಕ್ರದ ಕಡೆ ತಿರುಗಿಸುವ ಗೇರ್ ಜೋಡಿ.

ಟೈರಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಲ್ಲೇ ಜನ ಜಾಸ್ತಿ ಎಡವುವುದು. ನನ್ನ ಗಾಡಿಯ ಟೈರ್ 205/70 ಆರ್15. ಅದರ ಎತ್ತರ 668 ಮಿಲಿಮೀಟರ್. 215/75 ಹಾಕಿದರೆ ಸುಮಾರು 704. 235/75 ಆದರೆ 734. 31 ಇಂಚು ಅಂದರೆ 787. ಆಕ್ಸಲ್ ಅಡಿಯಲ್ಲಿ ಸಿಗುವ ಎತ್ತರ ಈ ವ್ಯತ್ಯಾಸದ ಅರ್ಧ ಮಾತ್ರ. ಅಂದರೆ 215ಕ್ಕೆ 18 ಮಿ.ಮೀ., 235ಕ್ಕೆ 33. ಗಾಡಿಯನ್ನು ಎಷ್ಟೇ ಎತ್ತರಿಸಿದರೂ ಆಕ್ಸಲ್ ನಡುವೆ ಉಬ್ಬಿದ ಗುಂಡು ಭಾಗ ಏಳುವುದಿಲ್ಲ, ಅದನ್ನು ಏಳಿಸುವುದು ಟೈರ್ ಒಂದೇ. ಆದರೆ ಟೈರ್ ದೊಡ್ಡದಾದಷ್ಟೂ ಎಂಜಿನ್‌ಗೆ ಚಕ್ರ ತಿರುಗಿಸುವುದು ಕಷ್ಟ. 31 ಇಂಚಿಗೆ ಹೋದರೆ ಗೇರಿನ ಎಳೆತ ಹದಿನೈದು ಪರ್ಸೆಂಟ್‌ನಷ್ಟು ಸಡಿಲ. ನಮ್ಮ 80 ಕುದುರೆಗಳು ಸಾತಾರಾ ದಾರಿಯ ಖಂಬಾಟ್ಕಿ ಘಾಟಿನಲ್ಲೇ ಸುಸ್ತಾಗುತ್ತವೆ.

215/75 ಮೂಲಕ್ಕಿಂತ 5.3 ಪರ್ಸೆಂಟ್ ದೊಡ್ಡದು. ನನ್ನ ಜಿಪ್ಸಿಯ ಕ್ರೌನ್‌ಗೆ 43 ಹಲ್ಲು, ಪಿನಿಯನ್‌ಗೆ 11. ಭಾಗಿಸಿದರೆ 3.909. ಹಳೆಯ ಒಂದು ಲೀಟರ್ ಜಿಪ್ಸಿಯಲ್ಲಿ 37ಕ್ಕೆ 9, ಅಂದರೆ 4.11. ವ್ಯತ್ಯಾಸ 5.2 ಪರ್ಸೆಂಟ್! ಹಳೆಯದರ ಕ್ರೌನ್ ಪಿನಿಯನ್ ಹಾಕಿದರೆ ದೊಡ್ಡ ಟೈರಿನಿಂದ ಕಳೆದುಕೊಂಡದ್ದು ಹೆಚ್ಚು ಕಡಿಮೆ ಪೂರ್ತಿ ವಾಪಸ್. ಸ್ಪೀಡೋಮೀಟರ್ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ (ಎಂಜಿನ್‌ನ ಎಳೆತವನ್ನು ಹಿಂದಿನ, ಮುಂದಿನ ಆಕ್ಸಲ್‌ಗೆ ಹಂಚುವ ಗೇರ್ ಪೆಟ್ಟಿಗೆ) ಬರುವುದರಿಂದ ಅದೂ ಸರಿಯಾಗಿಯೇ ತೋರಿಸುತ್ತದೆ. ಈ ಲೆಕ್ಕ ಹೊಂದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಇನ್ನೊಂದು ದಾರಿಯೂ ಇದೆ. ಹಳೆಯ ಜಿಪ್ಸಿಯ ಟ್ರಾನ್ಸ್‌ಫರ್ ಕೇಸಿನ ಗೇರುಗಳನ್ನು ಹೊಸದಕ್ಕೆ ಹಾಕುವುದು. ಹೈ ಗೇರಿನಲ್ಲಿ 1.409 ಇದ್ದದ್ದು 1.580 ಆಗುತ್ತದೆ, ಲೋ ಗೇರಿನಲ್ಲಿ 2.268 ಇದ್ದದ್ದು 2.511. ಆಕ್ಸಲ್ ಒಳಗೆ ಕೈಹಾಕುವ ಅಗತ್ಯವಿಲ್ಲ, ಖರ್ಚೂ ಕಡಿಮೆ. 235 ಟೈರಿನವರಿಗೆ ಅದೇ ಸರಿ. ನಮ್ಮ ದಾರಿಯಲ್ಲಿ ಪಿನಿಯನ್ ಹಲ್ಲು 11ರಿಂದ 9ಕ್ಕೆ ಇಳಿದರೆ ಪಿನಿಯನ್ ಸಣ್ಣದಾಗುತ್ತದೆ, ಸ್ವಲ್ಪ ಬಲ ಕಳೆದುಕೊಳ್ಳುತ್ತದೆ, ಅದನ್ನೂ ತಿಳಿದಿರಿ. ಆದರೆ ನನ್ನ ಡಿಫರೆನ್ಷಿಯಲ್‌ನ (ಕ್ರೌನ್ ಪಿನಿಯನ್ ಕೂತಿರುವ, ಎಳೆತವನ್ನು ಎರಡು ಚಕ್ರಕ್ಕೆ ಹಂಚುವ ಗೇರ್ ಗುಂಪು) ಬೇರಿಂಗ್‌ಗಳನ್ನು ನೀರು ಆಗಲೇ ತಿಂದು ಹಾಕಿತ್ತು. ಹೇಗೂ ಬಿಚ್ಚಲೇಬೇಕಿತ್ತು. ಟ್ರಾನ್ಸ್‌ಫರ್ ಕೇಸ್ ಗಟ್ಟಿಯಾಗಿತ್ತು, ಅದನ್ನು ಯಾಕೆ ಕೆದಕುವುದು ಅಂತ ಬಿಟ್ಟೆವು.

ಖುಷಿ ಎಲ್ಲ ನಾನಾ ಪೇಟ್‌ನಲ್ಲಿ ಇಳಿಯಿತು. ಪುಣೆಯಲ್ಲಿ ಗಾಡಿ ಬಿಡಿಭಾಗ ಅಂದರೆ ನಾನಾ ಪೇಟ್. ಸೀಲು, ಬೇರಿಂಗು ಎಲ್ಲ ಒಂದೇ ಮಧ್ಯಾಹ್ನದಲ್ಲಿ ಸಿಕ್ಕವು. ಬೇರಿಂಗ್ ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಅದರ ಮೇಲಿನ ನಂಬರ್ ತೋರಿಸಿ ಕೇಳಿ. ಜಿಪ್ಸಿಗೆ ಕೊಡಿ ಅಂದರೆ ಯಾವುದೋ ಹೆಸರಿಲ್ಲದ ಡಬ್ಬಿ ಕೈಗೆ ಬರುತ್ತದೆ. 4.11 ಮಾತ್ರ ಯಾರ ಹತ್ತಿರವೂ ಇಲ್ಲ. ಜುನಾ ಬಜಾರ್‌ಗೆ ಎರಡು ಬುಧವಾರ ರಜೆ ಹಾಕಿ ಹೋದೆ. ಅಲ್ಲಿ ಹಿತ್ತಾಳೆ ಗಂಟೆ ಸಿಕ್ಕಿತು, ಮಗಳಿಗೆ ಹಳೇ ನಾಣ್ಯ ಸಿಕ್ಕವು. ಕ್ರೌನ್ ಪಿನಿಯನ್ ಸಿಗಲಿಲ್ಲ. ಅಷ್ಟರಲ್ಲಿ ಗಣೇಶ ಹಬ್ಬ. ಪುಣೆಯಲ್ಲಿ ಆ ಹತ್ತು ದಿನ ಯಾವ ಕೆಲಸದ ಆಸೆಯನ್ನೂ ಇಟ್ಟುಕೊಳ್ಳಬಾರದು. ಕಾಕಾನ ಹುಡುಗರೇ ಢೋಲ್ ಬಾರಿಸಲು ಹೋಗಿದ್ದರು.

ಹಬ್ಬ ಮುಗಿದ ಮೇಲೆ ಒಂದು ಗುಜರಿಯಲ್ಲಿ ಹಿಂದಿನ ಡಿಫರೆನ್ಷಿಯಲ್ ಸಿಕ್ಕಿತು. ಜಿಪ್ಸಿಯಲ್ಲಿ ಒಂದು ಅನುಕೂಲ ಇದೆ, ಹೌಸಿಂಗ್ ಮುಂದಿನ ಬೋಲ್ಟ್ ಬಿಚ್ಚಿದರೆ ಇಡೀ ಡಿಫರೆನ್ಷಿಯಲ್ ಒಂದೇ ತುಂಡಾಗಿ ಹೊರಗೆ ಬರುತ್ತದೆ. 6,500 ಕೊಟ್ಟು ಹೊತ್ತು ತಂದೆ. ಕಾಕಾ ನನ್ನ ಗಾಡಿಯ ರಾಡ್ ತಂದು ಅದರೊಳಗೆ ತೂರಿಸಿ ನೋಡಿದರು. ಹೋಗಲಿಲ್ಲ. ರಾಡ್‌ನ ತುದಿಯ ಹಲ್ಲುಗಳ ಎಣಿಕೆಯೇ ಬೇರೆ! ಗುಜರಿಯವನು ವಾಪಸ್ ತೆಗೆದುಕೊಂಡ, 1,500 ಮುರಿದುಕೊಂಡು. ಅವತ್ತಿನಿಂದ ಹಳೆಯ ರಾಡ್ ಒಂದನ್ನು ಗೋಣಿಚೀಲದಲ್ಲಿ ಸುತ್ತಿ ಸ್ಕೂಟರ್ ಮೇಲೆ ಇಟ್ಟುಕೊಂಡೇ ತಿರುಗಿದೆ. ಒಮ್ಮೆ ಪೊಲೀಸರು ನಿಲ್ಲಿಸಿ ಇದೇನು ಅಂತ ಕೇಳಿದ್ದೂ ಆಯಿತು.

ಗುಜರಿಯಲ್ಲಿ ಕೊಳ್ಳುವವರಿಗೆ ನನ್ನ ಮಾತು ಇಷ್ಟು. ರಾಡ್ ತೂರಿಸಿ ನೋಡಿ. ಕ್ರೌನ್ ಹಲ್ಲು, ಪಿನಿಯನ್ ಹಲ್ಲು ಎರಡನ್ನೂ ನೀವೇ ಎಣಿಸಿ, ಮಾರುವವನ ಮಾತು ಬೇಡ. ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು ಎಣಿಸಿದರೆ ತಪ್ಪುವುದಿಲ್ಲ. ಎರಡರ ಮೇಲೂ ಕೆತ್ತಿದ ಜೋಡಿ ನಂಬರ್ ಒಂದೇ ಇರಲಿ. ಹಲ್ಲಿನ ಮೇಲೆ ಉಗುರು ಆಡಿಸಿ, ಗುಳಿ ಸಿಕ್ಕರೆ ಬಿಟ್ಟು ಬನ್ನಿ. ಎಲ್ಲಕ್ಕಿಂತ ಮುಖ್ಯ, ಹಿಂದಿನದು ಸಿಕ್ಕಿತು ಅಂತ ಅದೊಂದನ್ನೇ ಹಾಕಿಸಬೇಡಿ. ಹಿಂದೆ ಒಂದು ಲೆಕ್ಕ, ಮುಂದೆ ಒಂದು ಲೆಕ್ಕ ಇದ್ದು ಫೋರ್ ವೀಲ್ ಹಾಕಿದರೆ ಎರಡು ಆಕ್ಸಲ್‌ಗಳೂ ಒಂದನ್ನೊಂದು ಎಳೆದಾಡಿ ಏನಾದರೂ ಮುರಿದೇ ಮುರಿಯುತ್ತದೆ.

ಸರಿಯಾದ ಹಿಂದಿನದು ಅಕ್ಟೋಬರ್ ಮೊದಲ ವಾರ 9,000ಕ್ಕೆ ಸಿಕ್ಕಿತು. ಮುಂದಿನದಕ್ಕೆ ಮುಂಬೈಗೆ, ಕುರ್ಲಾದ ಗುಜರಿಗಳಿಗೆ ಹೋಗಬೇಕಾಯಿತು. 12,000. ಹದಿಮೂರು ಅಂಗಡಿ ತಿರುಗಿದ ಮೇಲೆ ಚೌಕಾಸಿ ಮಾಡುವ ಶಕ್ತಿಯೂ ಇರಲಿಲ್ಲ.

ಜೋಡಿಸುವ ಕೆಲಸ ದೀಪಾವಳಿ ಆದ ಮೇಲೆ ಶುರುವಾಯಿತು. ಹಳೆಯ ಡಿಫರೆನ್ಷಿಯಲ್‌ಗೆ ಹೊಸ ಬೇರಿಂಗ್ ಹಾಕಿದರೆ ಕ್ರೌನ್ ಮತ್ತು ಪಿನಿಯನ್ ಕಚ್ಚುವ ಜಾಗವನ್ನು ಮತ್ತೆ ಹೊಂದಿಸಬೇಕು. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿದರೆ ಎಲ್ಲಿ ತಾಗುತ್ತಿದೆ ಅಂತ ಅಚ್ಚು ಬೀಳುತ್ತದೆ. ಅದಕ್ಕೆ ಬೇರೆ ನೀಲಿ ಬಣ್ಣ ಬರುತ್ತದೆ. ಕಾಕಾನ ಡಬ್ಬಿ ಒಣಗಿಹೋಗಿತ್ತು. ಗ್ಯಾರೇಜಿನ ಹನುಮಪ್ಪನ ಫೋಟೋ ಮುಂದಿದ್ದ ಸಿಂಧೂರ ತಂದು ಎಣ್ಣೆಯಲ್ಲಿ ಕಲಸಿ ಹಚ್ಚಿದರು. ಮೊದಲ ಸಲ ಅಚ್ಚು ಹಲ್ಲಿನ ಅಂಚಿಗೆ ಬಿತ್ತು. ಶಿಮ್ ಅನ್ನೋ ತೆಳು ಬಿಲ್ಲೆ ಬದಲಿಸಿ ಮತ್ತೆ. ಐದನೇ ಸಲಕ್ಕೆ ಹಲ್ಲಿನ ನಡುವೆ ನೀಟಾಗಿ ಒಂದು ಕೆಂಪು ಕಲೆ. "ಈಗ ಕುಂತೈತಿ ನೋಡು" ಅಂದರು. ನಾನು ಅವತ್ತು ಆಫೀಸಿಗೆ ಹುಷಾರಿಲ್ಲ ಅಂತ ಹೇಳಿ ಅಲ್ಲೇ ಸ್ಟೂಲ್ ಮೇಲೆ ಕೂತಿದ್ದೆ.

ಮಾರನೇ ದಿನ ನಾನಿಲ್ಲದಾಗ ಎಡವಟ್ಟಾಯಿತು. ಪಿನಿಯನ್‌ನ ಎರಡು ಬೇರಿಂಗ್‌ಗಳ ನಡುವೆ ತೆಳು ಕೊಳವೆಯಂಥ ಒಂದು ಸ್ಲೀವ್ ಇರುತ್ತದೆ. ನಟ್ ಬಿಗಿದಂತೆ ಅದು ಕುಸಿದು ಬಿಗಿಯನ್ನು ಹಿಡಿದಿಡುತ್ತದೆ. ಹೆಚ್ಚು ಬಿಗಿದರೆ ಕತೆ ಮುಗಿಯಿತು, ನಟ್ ಸಡಿಲಿಸಿದರೂ ಸ್ಲೀವ್ ಮೊದಲಿನಂತೆ ಆಗುವುದಿಲ್ಲ. ಹುಡುಗ ಉದ್ದ ಪೈಪ್ ಹಾಕಿ ಒಂದೇ ಏಟಿಗೆ ಬಿಗಿದಿದ್ದ. ಹೊಸ ಸ್ಲೀವ್ ಬರಲು ಒಂಬತ್ತು ದಿನ. ಅದರ ಬೆಲೆ ನಮ್ಮ ಎರಡು ದಿನದ ಚಹಾದಷ್ಟೂ ಇರಲಿಲ್ಲ. ನೀವು ಈ ಕೆಲಸ ಹಿಡಿದರೆ ಮೊದಲೇ ನಾಲ್ಕು ತಂದಿಟ್ಟುಕೊಳ್ಳಿ.

ಆ ಒಂಬತ್ತು ದಿನದಲ್ಲಿ ಮುಂದಿನ ಆಕ್ಸಲ್ ಬಿಚ್ಚಿದೆವು. ಒಳಗಿನ ಎಣ್ಣೆ ಸೀಲ್ ಸವೆದು ಡಿಫರೆನ್ಷಿಯಲ್ ಎಣ್ಣೆ ನಕಲ್‌ಗೆ ನುಗ್ಗಿ, ಅಲ್ಲಿದ್ದ ಗ್ರೀಸ್ ಕರಗಿ ಕಪ್ಪು ಸಾರಾಗಿತ್ತು. ಎಡಗಡೆಯ ಬರ್ಫೀಲ್ಡ್ ಜಾಯಿಂಟಿನ (ಚಕ್ರ ಹೊರಳಿದಾಗಲೂ ಅದನ್ನು ತಿರುಗಿಸುವ ರಾಡಿನ ಕೀಲು) ಗುಂಡುಗಳು ಕೂತ ಜಾಗದಲ್ಲಿ ಗುಳಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಅನ್ನುತ್ತಿದ್ದದ್ದು ಅದೇ. ಜಾಯಿಂಟಿಗೆ 8,500. ಕಿಂಗ್‌ಪಿನ್ ಬೇರಿಂಗ್ ಎರಡೂ ಕಡೆ, ಸೀಲ್ ಎಲ್ಲ ಹೊಸದು, ಹೊಸ ಮಾಲಿಬ್ಡಿನಮ್ ಗ್ರೀಸ್. ಸ್ಟೀರಿಂಗ್ ನಡುಕ ಅಲ್ಲಿಗೆ ನಿಂತಿತು.

ಹಿಂದಿನ ರಾಡಿನ ಬೇರಿಂಗ್ ಹಿಡಿದಿಡುವ ಉಂಗುರವನ್ನು ಗ್ಯಾಸ್ ಕಟರ್‌ನಲ್ಲಿ ತೆಗೆಯಲು ಬಿಡಬೇಡಿ, ರಾಡಿನ ಹದ ಹೋಗುತ್ತದೆ. ಗ್ರೈಂಡರ್‌ನಲ್ಲಿ ಸವೆಸಿ, ಉಳಿಯಿಂದ ಒಂದೇಟು ಕೊಟ್ಟರೆ ಬಿಟ್ಟುಕೊಳ್ಳುತ್ತದೆ. ಹೊಸ ಉಂಗುರ ಕಾಯಿಸಿ ಕೂರಿಸಬೇಕು, ಹಳೆಯದನ್ನು ಮತ್ತೆ ಹಾಕಬಾರದು. ಬ್ರೇಕ್ ಶೂಗಳ ಮೇಲೆ ಗೇರ್ ಎಣ್ಣೆ ಕುಡಿದ ಕಲೆ ಇತ್ತು. ಅವನ್ನೂ ಬದಲಿಸಿದೆವು. ಹಿಂದಿನ ಕಮಾನಿಗೆ ಒಂದು ಪಟ್ಟಿ ಸೇರಿಸಿದೆವು.

ಆರು ತಿಂಗಳ ಈ ಪುರಾಣದಲ್ಲಿ ಅತಿ ಕಡಿಮೆ ಖರ್ಚಿನ ಕೆಲಸ ಬ್ರೀದರ್. ಎರಡೂ ಆಕ್ಸಲ್‌ನಿಂದ ರಬ್ಬರ್ ಪೈಪ್ ಎಳೆದು, ಬಾನೆಟ್ ಒಳಗೆ ಎತ್ತರದಲ್ಲಿ ಕಟ್ಟಿ, ತುದಿಗೆ ಸಣ್ಣ ಫಿಲ್ಟರ್. 650 ರೂಪಾಯಿ, ಒಂದು ಗಂಟೆ. ಇದನ್ನು ಗಾಡಿ ಕೊಂಡ ದಿನವೇ ಮಾಡಿಸಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಲಾಕರ್ ಹಾಕಿಸಲಿಲ್ಲ. ಗಾಳಿಯಿಂದ ನಡೆಯುವ ವಿದೇಶಿ ಲಾಕರ್ ಕಂಪ್ರೆಸರ್ ಸಮೇತ ಎಷ್ಟಾಗುತ್ತದೆ ಅಂತ ಕೇಳಿ ಫೋನ್ ಇಟ್ಟೆ. ತಾನಾಗಿಯೇ ಲಾಕ್ ಆಗುವ ಅಗ್ಗದ್ದೂ ಇದೆ. ಆದರೆ ಇಷ್ಟು ಹಗುರದ, ಗಿಡ್ಡ ಗಾಡಿಯಲ್ಲಿ ಮಳೆಗಾಲದ ಘಾಟಿ ತಿರುವಿನಲ್ಲಿ ಅದು ಹಿಂಬದಿಯನ್ನು ಪಕ್ಕಕ್ಕೆ ಒಗೆಯಬಹುದು. ಮಗಳನ್ನು ಕೂರಿಸಿಕೊಂಡು ಆ ಪ್ರಯೋಗ ನನಗೆ ಬೇಡ. ಡಿಫರೆನ್ಷಿಯಲ್ ವೆಲ್ಡ್ ಮಾಡಿಸು, ಎಂಟುನೂರು ರೂಪಾಯಿ ಅಂದವರೂ ಇದ್ದರು. ಡಾಂಬರು ರಸ್ತೆಯಲ್ಲಿ ತಿರುವಿಗೊಮ್ಮೆ ಒಳಗಿನ ಟೈರ್ ಉಜ್ಜುತ್ತದೆ, ರಾಡ್ ಹಿಂಡಿಕೊಳ್ಳುತ್ತದೆ. ಅಂಥವರಿಗೆ ನಮಸ್ಕಾರ ಹೇಳಿ ಬನ್ನಿ.

ನವೆಂಬರ್‌ನಲ್ಲಿ ಆರ್‌ಟಿಓ ಕೆಲಸ. ಪರಿವಾಹನ್ ಪೋರ್ಟಲ್‌ನಲ್ಲಿ ಆರ್‌ಸಿ ನವೀಕರಣದ ಫಾರಂ 25, ಅವಧಿ ಮುಗಿಯುವ ಮುಂಚಿನ 60 ದಿನದೊಳಗೆ ಹಾಕಬಹುದು. ಶುಲ್ಕ 5,000. 2022ರ ಏಪ್ರಿಲ್‌ಗೆ ಮುಂಚೆ ಇದು 600 ಇತ್ತು. ಜೊತೆಗೆ ಪರಿಸರ ತೆರಿಗೆ, ವಿಮೆ, ಪಿಯುಸಿ, ಹೊಸ ನಂಬರ್ ಪ್ಲೇಟ್. ಮುಂದಿನ ಕಬ್ಬಿಣದ ಗಾರ್ಡ್ ಬಿಚ್ಚಿಸಿದೆ, 2017ರ ಕೊನೆಯಿಂದಲೇ ಅದಕ್ಕೆ ಅವಕಾಶವಿಲ್ಲ. ಎಲ್ಲ ಸರಿ ಅಂದುಕೊಂಡು ಬೆಳಗ್ಗೆ ಎಂಟಕ್ಕೆ ಸಾಲಿನಲ್ಲಿ ನಿಂತೆ. ಹನ್ನೊಂದೂವರೆಗೆ ಇನ್‌ಸ್ಪೆಕ್ಟರ್ ಬಗ್ಗಿ ನೋಡಿ, "ಚಾಸಿ ನಂಬರ್ ಕುಠೆ ಆಹೆ?" ಅಂದರು. ನೋಡಿದರೆ ನಂಬರ್ ಇಲ್ಲ! ನನಗೆ ಬೆವರು ಕಿತ್ತುಕೊಂಡಿತು. ತುಕ್ಕು ಹಿಡಿಯದಿರಲಿ ಅಂತ ಅಡಿಗೆ ಕಪ್ಪು ಬಣ್ಣ ಹೊಡೆಸಿದ್ದೆ. ನಂಬರಿನ ಮೇಲೂ ದಪ್ಪಗೆ ಹೊಡೆದಿದ್ದರು. ಹೊರಗೆ ಹೋಗಿ ಥಿನ್ನರ್ ತಂದು, ನನ್ನ ಕರವಸ್ತ್ರದಲ್ಲೇ ಉಜ್ಜಿ, ಪೆನ್ಸಿಲ್ ಅಚ್ಚು ತೆಗೆಯುವಷ್ಟರಲ್ಲಿ ಊಟದ ಹೊತ್ತು. ಮಧ್ಯಾಹ್ನ ಮತ್ತೆ ಸಾಲು. ಟೈರ್ ಬಗ್ಗೆ ಕೇಳಿದರು, ಅಳತೆ ಹೇಳಿದೆ. ಮಡ್‌ಗಾರ್ಡ್‌ನಿಂದ ಹೊರಗೆ ಬಂದಿಲ್ಲ ಅಂತ ಕೈಯಿಟ್ಟು ನೋಡಿದರು. ಪಾಸಾಯಿತು, ಐದು ವರ್ಷಕ್ಕೆ. ಟೈರ್ ಮತ್ತು ಕ್ರೌನ್ ಪಿನಿಯನ್ ಬದಲಿಸಿದ್ದನ್ನು ವಿಮೆ ಕಂಪನಿಗೂ ಇಮೇಲ್‌ನಲ್ಲಿ ತಿಳಿಸಿಟ್ಟಿದ್ದೇನೆ. ನೀವೂ ಹಾಕುವ ಮುಂಚೆ ನಿಮ್ಮ ಆರ್‌ಟಿಓದಲ್ಲಿ ಒಮ್ಮೆ ಕೇಳಿಕೊಳ್ಳಿ.

ಖರ್ಚು ಹೇಳಿಬಿಡುತ್ತೇನೆ. ಮೊದಲ ಗ್ಯಾರೇಜಿನ ದಂಡ 11,500, ಗುಜರಿಯವನು ಮುರಿದ 1,500. ಎರಡು ಡಿಫರೆನ್ಷಿಯಲ್ 21,000. ಬೇರಿಂಗು, ಸೀಲು, ಬ್ರೇಕ್ ಶೂ ಎಲ್ಲ ಸೇರಿ ಇನ್ನೊಂದು 21,000. ಬರ್ಫೀಲ್ಡ್ 8,500, ಲೇತ್ ಮತ್ತು ಪ್ರೆಸ್ ಕೆಲಸ 3,200, ಕಮಾನು 5,500, ಎಣ್ಣೆ ಗ್ರೀಸು 3,100, ಬ್ರೀದರ್ 650. ಐದು ಟೈರಿಗೆ 36,000. ಕಾಕಾನ ಮಜೂರಿ 18,000. ಒಟ್ಟು ಒಂದು ಲಕ್ಷ ಮೂವತ್ತು ಸಾವಿರಕ್ಕೆ ಐವತ್ತು ರೂಪಾಯಿ ಕಡಿಮೆ. ಆರ್‌ಟಿಓ ಖರ್ಚು, ಕುರ್ಲಾ ಓಡಾಟ ಇದರಲ್ಲಿಲ್ಲ. ಹೆಂಡತಿಗೆ ಹೇಳಿದ ಲೆಕ್ಕ ಬೇರೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಡಿಸೆಂಬರ್ ಪೂರ್ತಿ ಗಾಡಿಯನ್ನು ಮದುಮಗಳ ಹಾಗೆ ಓಡಿಸಿದೆ. ಕ್ರೌನ್ ಪಿನಿಯನ್ ಹೊಸದಾಗಿ ಹೊಂದಿಸಿದ ಮೇಲೆ ಮೊದಲ ದಿನ ಇಪ್ಪತ್ತು ಕಿಲೋಮೀಟರ್ ಓಡಿಸಿ ತಣ್ಣಗಾಗಲು ಬಿಡಬೇಕು. ಮೊದಲ 500 ಕಿಲೋಮೀಟರ್ ಭಾರ ಬೇಡ, ಎಳೆತ ಬೇಡ. ಸಂಕ್ರಾಂತಿಗೆ ಹುಬ್ಬಳ್ಳಿಗೆ ಹೊರಟಾಗ 370 ಆಗಿತ್ತು, ಹಾಗಾಗಿ ಸಾಮಾನು ಕಡಿಮೆ ಹೇರಿ, ನಿಧಾನ ಹೋದೆವು. ಖಂಬಾಟ್ಕಿ ಘಾಟಿಯನ್ನು ಮೊದಲಿನಂತೆಯೇ ಹತ್ತಿತು. ಮೊದಲಿಗಿಂತ ಚೆನ್ನಾಗಿ ಅಲ್ಲ, ಮೊದಲಿನಂತೆ. ಅಷ್ಟೇ ನನಗೆ ಬೇಕಿದ್ದದ್ದು. ಗುಂಯ್ ಸದ್ದು ಇಲ್ಲದ್ದಕ್ಕೆ ಸಾತಾರಾ ದಾಟುವವರೆಗೆ ಕಿವಿ ಅದನ್ನೇ ಹುಡುಕುತ್ತಿತ್ತು.

ಹುಬ್ಬಳ್ಳಿ ಮನೆ ಮುಂದೆ ನಿಲ್ಲಿಸಿದಾಗ ಮೀಟರ್‌ನಲ್ಲಿ ಎಣ್ಣೆ ಬದಲಿಸುವ 800 ಆಗಿತ್ತು. ಮಾರನೇ ದಿನ ಅಂಗಳದಲ್ಲಿ ಗೋಣಿತಾಟು ಹಾಸಿಕೊಂಡು ಅಡಿಗೆ ನುಸುಳಿದೆ. ಅಪ್ಪ ಕುರ್ಚಿ ತಂದು ಪಕ್ಕದಲ್ಲಿ ಕೂತರು. "ಏನ್ ಬದಲಾಗೇತಿ ಇದರಾಗ? ಟೈರ್ ಬಿಟ್ರ ಎಲ್ಲಾ ಹಂಗ ಕಾಣ್ತೈತಲ್ಲ" ಅಂದರು. ಉತ್ತರ ಕೊಡುವ ಮುಂಚೆ ಬೋಲ್ಟ್ ಸಡಿಲಾಗಿ ಎಣ್ಣೆ ತಟ್ಟೆಗೆ ಸುರಿಯಿತು. ಹೊಂಬಣ್ಣ, ಜೇನಿನ ಹಾಗೆ. ಹಳೇ ಸ್ಪೀಕರ್‌ನ ಅಯಸ್ಕಾಂತ ಅದರಲ್ಲಿ ಅದ್ದಿ ತೆಗೆದೆ. ತುದಿಗೆ ಬೂದು ಬಣ್ಣದ ನವಿರಾದ ಪುಡಿ ಮಾತ್ರ, ಬೆರಳಲ್ಲಿ ಉಜ್ಜಿದರೆ ಮಾಯ. ಚೂರು ಒಂದೂ ಇರಲಿಲ್ಲ. ಫೋಟೋ ತೆಗೆದು ಕಾಕಾಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು.

"ಪುಡಿ ಸರಿ ಐತಿ. ಬ್ರೀದರ್ ಪೈಪ್ ಎಲ್ಲೆರ ಮಡಚೇತೇನ್ ನೋಡು."

ನೋಡಿದೆ. ಬಾನೆಟ್ ಒಳಗೆ ಬ್ಯಾಟರಿ ಹತ್ತಿರ ಒಂದು ಕಡೆ ಮಡಚಿಕೊಂಡಿತ್ತು.